ಸೋಲುವ ಪಾತ್ರಕ್ಕೇ ಮತ್ತೆ ಕತ್ತರಿ ಯಾಕೆ? ತಡವಾಗಿ ಬಲಿಯುವ ಗೇಮ್ ಪಾತ್ರಗಳ ಲೆಕ್ಕ

ಆನ್‌ಲೈನ್ ಗೇಮ್‌ಗಳ ಪ್ಯಾಚ್ ಟಿಪ್ಪಣಿ, ಅಂದರೆ ಗೇಮ್‌ಗೆ ಮಾಡಿದ ತಿದ್ದುಪಡಿಗಳ ಪಟ್ಟಿ, ಹೊರಬಿದ್ದಾಗಲೆಲ್ಲ ಆಟಗಾರರನ್ನು ತಬ್ಬಿಬ್ಬು ಮಾಡುವ ಬದಲಾವಣೆ ಒಂದಾದರೂ ಇರುತ್ತದೆ. ಸಾಮಾನ್ಯರ ಕೈಯಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚಾಗಿರುವ ಪಾತ್ರವೊಂದರ ಬಲವನ್ನು ಕಂಪನಿ ಮತ್ತಷ್ಟು ಇಳಿಸಿರುತ್ತದೆ. ಮೊದಲೇ ಬಡಪಾಯಿ, ಅದಕ್ಕೇ ಮತ್ತೆ ಏಟೇ ಎಂಬ ಗೊಣಗಾಟ ಶುರುವಾಗುತ್ತದೆ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ನ ಸ್ಮೋಲ್ಡರ್ ಎಂಬ ಮರಿ ಡ್ರ್ಯಾಗನ್ ವಿಷಯದಲ್ಲೂ ಇದೇ ತಕರಾರು ಎದ್ದಿತು. ಆ ವರ್ಷದ ಜನವರಿ ಕೊನೆಯಲ್ಲಿ ಬಂದ ಈ ಪಾತ್ರ ವೃತ್ತಿಪರ ತಂಡಗಳಿಗೆ ಅಚ್ಚುಮೆಚ್ಚಾಯಿತು. ಅದನ್ನು ಹದಕ್ಕೆ ತರಲು ಆ ಗೇಮ್ ತಯಾರಿಸುವ ರಯಟ್ ಗೇಮ್ಸ್ ಮಾಡಿದ ತಿದ್ದುಪಡಿಗಳ ಬಿಸಿ ಮನೆಯಲ್ಲಿ ಕೂತು ಆಡುವವರಿಗೂ ತಟ್ಟಿತು.

ಸ್ಮೋಲ್ಡರ್ ಒಂಟಿಯಲ್ಲ, ಅದರದ್ದು ದೊಡ್ಡ ಕುಲ. ಆರಂಭದಲ್ಲಿ ಯಾರು ಬೇಕಾದರೂ ಹೊಡೆದು ಹೋಗಬಹುದಾದ, ಹೊತ್ತು ಕಳೆದಂತೆ ಯಾರೂ ಎದುರು ನಿಲ್ಲಲಾಗದ ಪಾತ್ರಗಳು ಹೆಚ್ಚುಕಡಿಮೆ ಪ್ರತಿ ಗೇಮ್‌ನಲ್ಲೂ ಇವೆ. ಇವುಗಳ ವ್ಯವಹಾರವೆಲ್ಲ ಮುಂಗಡದ್ದು: ಹಣ ಮೊದಲು ಎಣಿಸಬೇಕು, ಸರಕು ಕೈಗೆ ಬರುವುದು ಆಮೇಲೆ. ಆ ಮುಂಗಡವನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಹಿಡಿದು ಹೊರಟರೆ ಪ್ಯಾಚ್ ಟಿಪ್ಪಣಿಯ ಒಗಟು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಬೆಲೆ ತೆರುವವನು ಒಬ್ಬನೇ ಇದ್ದಾಗ

ಈ ಕಲ್ಪನೆ ಕಂಪ್ಯೂಟರ್ ಪರದೆಯಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದ ಮಾಂತ್ರಿಕನೇ ಇವುಗಳ ಹಿರಿಯ. ಆ ಆಟದ 1978ರ ಕೈಪಿಡಿಯ ಪ್ರಕಾರ ಯೋಧನ ಆಯುಷ್ಯಕ್ಕೆ ಹತ್ತು ಮುಖದ ದಾಳ ಉರುಳಿಸಿದರೆ ಮಾಂತ್ರಿಕನಿಗೆ ನಾಲ್ಕು ಮುಖದ್ದು. ಮೊದಲ ಲೆವೆಲ್‌ನಲ್ಲಿ ಅವನಿಗೆ ದಿನಕ್ಕೆ ಒಂದೇ ಮಂತ್ರ. ಅದು ಖರ್ಚಾದ ಮೇಲೆ ಯೋಧನ ಬೆನ್ನ ಹಿಂದೆ ಅಡಗಿಕೊಳ್ಳುವುದೇ ಕೆಲಸ. ಐದನೇ ಲೆವೆಲ್ ಮುಟ್ಟಿ ಬೆಂಕಿಯುಂಡೆಯ ಮಂತ್ರ ದಕ್ಕಿತೆಂದರೆ ಚಿತ್ರ ಬದಲಾಗುತ್ತದೆ. ಯೋಧ ಒಬ್ಬೊಬ್ಬನನ್ನೇ ಕಡಿಯುತ್ತಿರುವಾಗ ಮಾಂತ್ರಿಕ ಇಡೀ ಕೋಣೆಯನ್ನು ಸುಡುತ್ತಾನೆ. ಲೆವೆಲ್ ಏರಿದಂತೆ ಮಂತ್ರಗಳ ಸಂಖ್ಯೆಯೂ ಏರುತ್ತದೆ, ಒಂದೊಂದು ಮಂತ್ರದ ಕಸುವೂ ಏರುತ್ತದೆ.

ವಿಡಿಯೊ ಗೇಮ್‌ಗಳಲ್ಲಿ ಈ ಕುಲಕ್ಕೆ ಜಗತ್ತಿನಾದ್ಯಂತ ಹೆಸರು ತಂದದ್ದು 1996ರ ಪೋಕೆಮಾನ್. ಅದರಲ್ಲಿ ಮ್ಯಾಜಿಕಾರ್ಪ್ ಎಂಬ ಕೆಂಪು ಮೀನನ್ನು ಪೋಕೆಮಾನ್ ಕೇಂದ್ರವೊಂದರಲ್ಲಿ ನಿಂತ ಮಾರಾಟಗಾರ ಆ ಆಟದ 500 ನಾಣ್ಯಕ್ಕೆ ಆಟಗಾರನ ತಲೆಗೆ ಕಟ್ಟುತ್ತಾನೆ. ಮೀನಿಗೆ ಗೊತ್ತಿರುವುದು ಎಗರುವುದೊಂದೇ, ಆ ಎಗರಾಟದಿಂದ ಎದುರಾಳಿಗೆ ಕೂದಲೂ ಕೊಂಕುವುದಿಲ್ಲ. ಒಂದು ಸಾಧಾರಣ ಗುದ್ದು ಕಲಿಯಬೇಕಾದರೆ 15ನೇ ಲೆವೆಲ್ ತನಕ ಕಾಯಬೇಕು. 20ನೇ ಲೆವೆಲ್ ಮುಟ್ಟಿತೋ, ಅದೇ ಮೀನು ಗ್ಯಾರಡೋಸ್ ಎಂಬ ರಾಕ್ಷಸ ಸರ್ಪವಾಗಿಬಿಡುತ್ತದೆ.

ನಡುವಿನ ಲೆವೆಲ್‌ಗಳನ್ನು ಹತ್ತಿಸುವ ವಿಧಾನವನ್ನು ಹತ್ತಿರದಿಂದ ನೋಡಬೇಕು. ಹೊಡೆಯಲು ಬಾರದ ಮೀನನ್ನು ತಂಡದ ಮುಂದೆ ನಿಲ್ಲಿಸಬೇಕು, ಕಾಳಗ ಶುರುವಾದ ತಕ್ಷಣ ಹಿಂದಕ್ಕೆ ಕರೆಸಿ ಬಲಶಾಲಿಯೊಂದನ್ನು ಇಳಿಸಬೇಕು. ಈ ಅದಲುಬದಲಿನಲ್ಲೇ ಒಂದು ಸರದಿ ಕೈಬಿಡುತ್ತದೆ, ಒಳಗೆ ಬಂದ ಬಲಶಾಲಿ ಪುಕ್ಕಟೆಯಾಗಿ ಒಂದು ಏಟು ತಿನ್ನುತ್ತದೆ. ಗೆದ್ದ ಮೇಲೆ ಸಿಗುವ ಅನುಭವದ ಅಂಕ ಕಾಳಗಕ್ಕಿಳಿದ ಎರಡಕ್ಕೂ ಹಂಚಿಹೋಗುತ್ತದೆ. ಹಾಗಾಗಿ ಮೀನಿಗೆ ಅರ್ಧ ಪಾಲು, ಬೆಳೆಯಬೇಕಾಗಿದ್ದ ಇನ್ನೊಂದರ ಪಾಲಿಗೂ ಅರ್ಧ ಖೋತಾ. ಇದನ್ನು ಹುಲ್ಲಿನ ನಡುವೆ ಮತ್ತೆ ಮತ್ತೆ ಮಾಡಬೇಕು. ಬೇಸರದ ಕೆಲಸವೆಂದರೆ ನಿಜಕ್ಕೂ ಬೇಸರದ ಕೆಲಸ. ಆದರೆ ಈ ಬೇಸರವನ್ನು ಆರಿಸಿಕೊಂಡವನೂ ಅನುಭವಿಸುವವನೂ ಕೊನೆಗೆ ಸರ್ಪದ ಮೇಲೆ ಸವಾರಿ ಮಾಡುವವನೂ ಒಬ್ಬನೇ. ತನ್ನ ಸಮಯ, ತನ್ನ ಲಾಭ. ಅದಕ್ಕೇ ಮ್ಯಾಜಿಕಾರ್ಪ್ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಎಲ್ಲರೂ ಅಕ್ಕರೆಯಿಂದಲೇ ನೆನೆಯುತ್ತಾರೆ.

1990ರಲ್ಲಿ ಶುರುವಾದ ಫೈರ್ ಎಂಬ್ಲೆಮ್ ಸರಣಿಯಲ್ಲಿ ಲೆಕ್ಕ ಇದಕ್ಕಿಂತ ಬಿಗಿ. ಅದರ ಬಹುಪಾಲು ಹಳೆಯ ಗೇಮ್‌ಗಳಲ್ಲಿ ಶತ್ರುಗಳು ಎಣಿಸಿಟ್ಟಷ್ಟೇ. ಆದ್ದರಿಂದ ಅನುಭವದ ಅಂಕಗಳೂ ಎಣಿಸಿಟ್ಟಷ್ಟೇ. ಸತ್ತ ಪಾತ್ರ ಸತ್ತಂತೆಯೇ. ಈ ಸರಣಿಯಲ್ಲಿ 2012ರಲ್ಲಿ ಬಂದ ಅವೇಕನಿಂಗ್‌ನಲ್ಲಿ ಡಾನೆಲ್ ಎಂಬ ಹಳ್ಳಿ ಹುಡುಗ ಬರುತ್ತಾನೆ. ಲೆವೆಲ್ ಒಂದು, ವರ್ಗ ಬರೀ ಹಳ್ಳಿಗ. ಆದರೆ ಅವನಿಗೊಂದು ವಿಶೇಷ ಗುಣವಿದೆ: ಪ್ರತಿ ಲೆವೆಲ್ ಏರಿದಾಗ ಒಂದೊಂದು ಶಕ್ತಿಯೂ ಹೆಚ್ಚುವ ಸಾಧ್ಯತೆ ಇತರರಿಗಿಂತ ಶೇಕಡಾ 20 ಅಂಶ ಜಾಸ್ತಿ. ಅವನು ತಂಡಕ್ಕೆ ಸೇರಬೇಕಾದರೆ ಅದೇ ಕಾಳಗದಲ್ಲಿ ಬದುಕುಳಿದು ಒಂದು ಲೆವೆಲ್ ಏರಲೇಬೇಕು. ಅಂದರೆ ಪಳಗಿದ ಸೈನಿಕರು ಶತ್ರುವನ್ನು ಸಾಯುವ ಹಂತಕ್ಕೆ ತಂದು ನಿಲ್ಲಿಸಿ, ಕೊನೆಯ ಇರಿತವನ್ನು ಈ ಹುಡುಗನಿಗೆ ಬಿಟ್ಟುಕೊಡಬೇಕು. ಬೆಳೆಸುವುದೆಂದರೆ ಬೇರೆಯವರ ಪಾಲನ್ನು ಕಿತ್ತು ಕೊಡುವುದು ಎಂಬುದನ್ನು ಆಟವೇ ಆಟಗಾರನ ಕೈಯಿಂದ ಮಾಡಿಸಿ ತೋರಿಸುತ್ತದೆ. ಇನ್ನೊಬ್ಬರ ಪಾಲನ್ನು ಕೊಡುವ ಈ ಸಂಗತಿ ಪರದೆಯ ಆಚೆಗೆ ಬಂದು, ಆ ‘ಇನ್ನೊಬ್ಬರು’ ನಿಜವಾದ ಮನುಷ್ಯರಾದಾಗ ತಾಪತ್ರಯ ಶುರುವಾಗುತ್ತದೆ.

ಬಲ ಕೂಡುವುದಿಲ್ಲ, ಗುಣಿಸುತ್ತದೆ

ಅಲ್ಲಿಗೆ ಹೋಗುವ ಮುನ್ನ ಒಂದು ಚಿಕ್ಕ ಗಣಿತ. ಇಂಥ ಪಾತ್ರಗಳು ನಿಧಾನಕ್ಕೆ ಬಲಿಯದೆ ಒಮ್ಮೆಲೇ ಸಿಡಿಯುವುದೇಕೆ?

ಪಾತ್ರವೊಂದರ ಒಂದು ಏಟಿಗೆ 100 ಬಲ, ಸೆಕೆಂಡಿಗೆ ಒಂದು ಏಟು ಎಂದಿಟ್ಟುಕೊಳ್ಳೋಣ. ಏಟಿನ ಬಲವನ್ನು ದುಪ್ಪಟ್ಟು ಮಾಡುವ ಐಟಂ (ಆಟದ ಹಣದಿಂದ ಕೊಳ್ಳುವ ಸಾಧನ) ಕೊಂಡರೆ ಸೆಕೆಂಡಿಗೆ 200. ಅದರ ಮೇಲೆ ವೇಗ ದುಪ್ಪಟ್ಟು ಮಾಡುವ ಐಟಂ ಸೇರಿದರೆ 400. ಎರಡು ಏಟಿಗೆ ಒಂದು ಏಟು ಇಮ್ಮಡಿಯಾಗಿ ಬೀಳುವಂತೆ ಮಾಡುವ ಮೂರನೆಯದೂ ಬಂದರೆ 600. ಮೊದಲ ಐಟಂ 100 ಸೇರಿಸಿತು, ಎರಡನೆಯದೂ ಮೂರನೆಯದೂ ತಲಾ 200 ಸೇರಿಸಿದವು. ಹಿಂದೆ ಕೊಂಡದ್ದರ ಬೆಲೆಯನ್ನು ಮುಂದೆ ಕೊಂಡದ್ದು ಏರಿಸುತ್ತ ಹೋಗುತ್ತದೆ. ಆರಂಭದಲ್ಲೇ ಜೋರಾಗಿರುವ ಪಾತ್ರಗಳ ಬಲ ಸಾಮಾನ್ಯವಾಗಿ ಅವುಗಳ ಕೌಶಲದೊಳಗೇ ಅಚ್ಚಾಗಿರುತ್ತದೆ. ಅಂಥವುಗಳಿಗೆ ಐಟಂ ಕೊಡಿಸಿದರೆ ಬಲ ಕೂಡುತ್ತದೆ, ಆದರೆ ಹೀಗೆ ಒಂದರ ಮೇಲೊಂದು ಗುಣಿಸಿಕೊಳ್ಳುವುದಿಲ್ಲ. ಬಲ ಏರುವುದನ್ನು ಗೆರೆ ಎಳೆದು ನೋಡಿದರೆ ಎರಡರ ಗೆರೆಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟುತ್ತವೆ. ಪಂದ್ಯದ ಜಗ್ಗಾಟವೆಲ್ಲ ಆ ದಾಟುವ ಗಳಿಗೆಯನ್ನು ಹಿಂದಕ್ಕೋ ಮುಂದಕ್ಕೋ ಎಳೆಯುವುದರ ಸುತ್ತ ನಡೆಯುತ್ತದೆ.

ಬೆಲೆ ಬೇರೆಯವರ ತಲೆಗೆ

ಐವರು ಐವರ ಎದುರು ಆಡುವ ಡೋಟಾ 2ನಂಥ ಗೇಮ್‌ಗೆ ಬನ್ನಿ. ಗುಂಪಾಗಿ ಬರುವ ಶತ್ರು ಕ್ರೀಪ್‌ಗಳಿಗೆ, ಅಂದರೆ ಕಂಪ್ಯೂಟರೇ ನಡೆಸುವ ಪುಡಿ ಸೈನಿಕರಿಗೆ, ಕೊನೆಯ ಏಟು ಹಾಕಿದವನಿಗೆ ಗೋಲ್ಡ್, ಐಟಂ ಕೊಳ್ಳುವ ಹಣ ಅದೇ. ನಕ್ಷೆಯಲ್ಲಿ ನಿಮಿಷಕ್ಕೆ ಹುಟ್ಟುವ ಗೋಲ್ಡ್‌ಗೆ ಮಿತಿ ಇರುವುದರಿಂದ ತಂಡಗಳು ಪಂಕ್ತಿ ಮಾಡಿಕೊಂಡಿವೆ. ಒಂದನೇ ಸ್ಥಾನದವನು ಕ್ಯಾರಿ, ಊಟದ ಮೊದಲ ತುತ್ತು ಅವನಿಗೆ. ಐದನೇ ಸ್ಥಾನದವನು ಸಪೋರ್ಟ್, ಮಿಕ್ಕಿದ್ದು ಸಿಕ್ಕರೆ ಅವನ ಪುಣ್ಯ. ಸ್ಪೆಕ್ಟರ್, ಆ್ಯಂಟಿ ಮೇಜ್, ಮೆಡುಸಾ ಮೊದಲಾದ ಕ್ಯಾರಿಗಳನ್ನು ಆರಿಸಿಕೊಂಡ ತಂಡದಲ್ಲಿ ಒಬ್ಬ ದೂರದ ಕಾಡಿನಲ್ಲಿ ಫಾರ್ಮ್ ಮಾಡುತ್ತ, ಅಂದರೆ ಕ್ರೀಪ್‌ಗಳನ್ನು ಕೊಂದು ಗೋಲ್ಡ್ ಕೂಡಿಸುತ್ತ ಇರುತ್ತಾನೆ, ಉಳಿದ ನಾಲ್ವರು ಐವರನ್ನು ಎದುರಿಸುತ್ತಿರುತ್ತಾರೆ. ಸಾಯುವುದು ಇವರು, ಶ್ರೀಮಂತನಾಗುವುದು ಅವನು.

ಮುಂಗಡ ಇಲ್ಲಿ ಕೈ ಬದಲಾಯಿಸಿದೆ. ಮ್ಯಾಜಿಕಾರ್ಪ್‌ನ ಬೇಸರ ಆರಿಸಿಕೊಂಡವನದೇ ಆಗಿತ್ತು. ಸ್ಪೆಕ್ಟರ್‌ನ ಬೇಸರ ಅದನ್ನು ಆರಿಸದ ನಾಲ್ವರದು. ಅದರ ಮೇಲೆ, ಕಾದದ್ದು ಫಲ ಕೊಟ್ಟೇ ಕೊಡುತ್ತದೆಂಬ ಭರವಸೆಯೂ ಇಲ್ಲ. ಒಳ್ಳೆಯ ಎದುರಾಳಿ ಗೆರೆಗಳು ದಾಟುವ ಮೊದಲೇ ಪಂದ್ಯ ಮುಗಿಸಲು ಬರುತ್ತಾನೆ.

ಎದುರಾಳಿ ಅದರಲ್ಲಿ ತೀರಾ ಪಳಗಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2014ರ ಜುಲೈನಲ್ಲಿ ಸಿಯಾಟಲ್‌ನಲ್ಲಿ ನಡೆದ ಡೋಟಾ 2ರ ದಿ ಇಂಟರ್‌ನ್ಯಾಷನಲ್ ಟೂರ್ನಿಯೇ ಸಾಕ್ಷಿ. ಬಹುಮಾನದ ಮೊತ್ತ ಒಂದು ಕೋಟಿ ಡಾಲರ್ ದಾಟಿದ್ದ ಟೂರ್ನಿ ಅದು. ಫೈನಲ್‌ನಲ್ಲಿ ನ್ಯೂಬೀ ತಂಡ ವಿಸಿ ಗೇಮಿಂಗ್ ತಂಡವನ್ನು 3-1ರಿಂದ ಮಣಿಸಿತು. ಆದರೆ ನೋಡುಗರ ನೆನಪಿನಲ್ಲಿ ಉಳಿದದ್ದು ಪಂದ್ಯಗಳು ಮುಗಿದ ಅವಸರ. ಐವರೂ ಗುಂಪಾಗಿ ಹೊರಟು, ಕಾವಲು ಗೋಪುರಗಳನ್ನು ಒಂದಾದ ಮೇಲೊಂದು ಉರುಳಿಸಿ, ಎದುರಾಳಿಯ ಕ್ಯಾರಿ ಮೊದಲ ದೊಡ್ಡ ಐಟಂ ಕೊಳ್ಳುವಷ್ಟರಲ್ಲಿ ಬಾಗಿಲು ಬಡಿಯುವ ತಂತ್ರ ಆಗ ಚಾಲ್ತಿಯಲ್ಲಿತ್ತು. ಹಿಂದೆ ಬಿದ್ದ ತಂಡ ಮೇಲೇಳುವ ಭರವಸೆಯೇ ಇರದಿದ್ದ ಮೇಲೆ ನೋಡುವವರಿಗೇನು ಕುತೂಹಲ?

ಅದೇ ಸೆಪ್ಟೆಂಬರ್‌ನಲ್ಲಿ 6.82 ಪ್ಯಾಚ್ ಬಂತು. ಮುಂದಿರುವ ತಂಡದವರನ್ನು ಹಿಂದಿರುವವರು ಕೊಂದರೆ ಎರಡು ತಂಡಗಳ ಸಂಪತ್ತಿನ ಅಂತರಕ್ಕೆ ತಕ್ಕಂತೆ ಹೆಚ್ಚುವರಿ ಗೋಲ್ಡ್ ಸಿಗುವಂತಾಯಿತು. ಉದ್ದೇಶ ಸರಿಯಾಗಿತ್ತು, ಪ್ರಮಾಣ ತಪ್ಪಿತು. ಇಡೀ ಪಂದ್ಯ ಚೆನ್ನಾಗಿ ಆಡಿದ ತಂಡ ಒಂದು ಜಗಳದಲ್ಲಿ ಎಡವಿದರೆ ಅಷ್ಟೂ ಹೊತ್ತಿನ ಮುನ್ನಡೆ ಕರಗುತ್ತಿತ್ತು. ಹಿಂದಿನ ಪ್ಯಾಚ್‌ಗೆ ‘ಬೇಗ ಗೆದ್ದವನೇ ಗೆದ್ದ’ ಎಂದು ಬೈಯುತ್ತಿದ್ದವರು ಈಗ ‘ಬೇಗ ಗೆದ್ದರೆ ಶಿಕ್ಷೆಯೇ’ ಎಂದು ಬೈಯತೊಡಗಿದರು. ಮುಂದಿನ ಸಣ್ಣ ಪ್ಯಾಚ್‌ಗಳಲ್ಲಿ ಆ ಹೆಚ್ಚುವರಿ ಗೋಲ್ಡನ್ನು ಇಳಿಸಬೇಕಾಯಿತು.

ಗಮನಿಸಬೇಕಾದದ್ದೇನೆಂದರೆ, ಕೊಂದಾಗ ಸಿಗುವ ಗೋಲ್ಡಿನ ಲೆಕ್ಕ ಯಾವುದೇ ಒಂದು ಕ್ಯಾರಿಯ ಹೆಸರು ಹಿಡಿದು ಮಾಡಿದ ಬದಲಾವಣೆಯಲ್ಲ. ಆದರೂ ಕಾದು ಕೂರುವ ಪಾತ್ರಗಳ ಬೆಲೆ ಅದರಿಂದ ಏರಿತು, ಇಳಿಯಿತು. ಅವುಗಳ ಬಲವೆನ್ನುವುದು ಅವುಗಳೊಳಗೇ ಇಲ್ಲ. ಪಂದ್ಯ ಎಷ್ಟು ಹೊತ್ತು ನಡೆಯುತ್ತದೆ ಎಂಬುದರಲ್ಲಿದೆ.

ಒಂದೇ ಪಾತ್ರ, ಎರಡು ಗೆಲುವಿನ ದರ

ಸ್ಮೋಲ್ಡರ್ ಒಗಟಿನ ಬೀಗ ತೆರೆಯುವುದು ಇಲ್ಲೇ. ಲೆಕ್ಕ ಸುಲಭವಾಗಲೆಂದು ಒಂದು ಕಲ್ಪಿತ ಪಾತ್ರವನ್ನು ತೆಗೆದುಕೊಳ್ಳೋಣ. ಬೇಗ ಮುಗಿಯುವ ಪಂದ್ಯಗಳಲ್ಲಿ ಅದು ಗೆಲ್ಲುವುದು ಶೇಕಡಾ 30, ದೀರ್ಘ ಪಂದ್ಯಗಳಲ್ಲಿ ಶೇಕಡಾ 60.

ಸಾಮಾನ್ಯ ಆಟಗಾರರ 100 ಪಂದ್ಯಗಳಲ್ಲಿ 40 ಬೇಗ ಮುಗಿಯುತ್ತವೆ, 60 ದೀರ್ಘವಾಗುತ್ತವೆ ಎನ್ನೋಣ. ಬೇಗ ಮುಗಿದವುಗಳಲ್ಲಿ 12 ಗೆಲುವು, ದೀರ್ಘವಾದವುಗಳಲ್ಲಿ 36, ಒಟ್ಟು 48. ಪಾತ್ರ ಸೋಲುತ್ತಿದೆ. ಇನ್ನು ವೃತ್ತಿಪರರು. ಅವರಿಗೆ ಹಿಂದೆ ಬಿದ್ದಾಗಲೂ ಸಾಯದೆ ಗೋಪುರದಡಿ ನಿಂತು ಫಾರ್ಮ್ ಮಾಡುವುದು ಗೊತ್ತು, ದುರ್ಬಲನನ್ನು ಕಾಯುವುದು ಗೊತ್ತು. ಹಾಗಾಗಿ ಬೇಗ ಮುಗಿಯುವ ಪಂದ್ಯಗಳು 20ಕ್ಕೆ ಇಳಿದು ದೀರ್ಘವಾದವು 80 ಆಗುತ್ತವೆ ಎನ್ನೋಣ. ಆಗ 6 ಗೆಲುವು, 48 ಗೆಲುವು, ಒಟ್ಟು 54. ಪಾತ್ರದ ಕೂದಲೂ ಬದಲಾಗಿಲ್ಲ. ಕೈ ಬದಲಾಯಿತು, ಅದರಿಂದ ಪಂದ್ಯದ ಉದ್ದ ಬದಲಾಯಿತು, ದರ 48ರಿಂದ 54ಕ್ಕೆ ಜಿಗಿಯಿತು.

ಈಗ ಕತ್ತರಿ ಎಲ್ಲಿ ಹಾಕಬೇಕು? ಕೊನೆಯ ಬಲವನ್ನು ಕತ್ತರಿಸಿ ಶೇಕಡಾ 60 ಅನ್ನು 54ಕ್ಕೆ ಇಳಿಸಿದರೆ ವೃತ್ತಿಪರರ ದರ 49.2ಕ್ಕೆ ಬರುತ್ತದೆ, ಸಾಮಾನ್ಯರದ್ದು 44.4ಕ್ಕೆ ಕುಸಿಯುತ್ತದೆ. ಬದಲಿಗೆ ಆರಂಭದ ಬಲವನ್ನು ಕತ್ತರಿಸಿ 30 ಅನ್ನು 20 ಮಾಡಿದರೆ ವೃತ್ತಿಪರರದ್ದು 54ರಿಂದ 52ಕ್ಕಷ್ಟೇ ಇಳಿಯುತ್ತದೆ, ಸಾಮಾನ್ಯರದ್ದು 48ರಿಂದ 44ಕ್ಕೆ. ಎರಡೂ ದಾರಿಯಲ್ಲಿ ಮನೆಯಲ್ಲಿ ಆಡುವವನು ಹೆಚ್ಚುಕಡಿಮೆ ಒಂದೇ ಕಡೆ ಹೋಗಿ ಬೀಳುತ್ತಾನೆ. ಆದರೆ ಎರಡನೆಯ ದಾರಿಯಲ್ಲಿ ಗುರಿಯಾಗಿದ್ದ ವೃತ್ತಿಪರನಿಗೆ ಬಿದ್ದ ಏಟು ಗುರಿಯಲ್ಲದ ಸಾಮಾನ್ಯನಿಗೆ ಬಿದ್ದದ್ದರ ಅರ್ಧ. ಆರಂಭದಲ್ಲೇ ಸೊರಗಿದ ಪಾತ್ರವನ್ನು ಆರಂಭದಲ್ಲೇ ಇನ್ನಷ್ಟು ಸೊರಗಿಸುವ ಪ್ಯಾಚ್ ಕಂಡಾಗ ಆಟಗಾರರಿಗೆ ಬರುವ ಸಿಟ್ಟಿಗೆ ಅರ್ಥವಿದೆ ಎಂದು ಈ ಅಂಕಿಗಳು ಹೇಳುತ್ತವೆ.

ಹಾಗಿದ್ದರೂ ಕಂಪನಿ ಕೈಹಾಕುವುದೇಕೆ? ರಯಟ್ 2019ರಲ್ಲಿ ತನ್ನ ನಿಯಮವನ್ನು ಬಹಿರಂಗಪಡಿಸಿತ್ತು. ಆಟಗಾರರನ್ನು ಸಾಮಾನ್ಯ, ಪಳಗಿದ, ಅಗ್ರ ಮತ್ತು ವೃತ್ತಿಪರ ಎಂದು ನಾಲ್ಕು ಗುಂಪು ಮಾಡಿ, ಪಾತ್ರವೊಂದು ಯಾವುದೇ ಒಂದು ಗುಂಪಿನಲ್ಲಿ ಮಿತಿ ಮೀರಿದರೂ ಅದು ಅತಿ ಬಲಿಷ್ಠ ಎಂದು ಎಣಿಸುತ್ತಾರೆ. ದುರ್ಬಲ ಎನಿಸಿಕೊಳ್ಳಬೇಕಾದರೆ ಮಾತ್ರ ನಾಲ್ಕೂ ಗುಂಪಿನಲ್ಲಿ ಸೋಲುತ್ತಿರಬೇಕು. ಅಂದರೆ ಕತ್ತರಿಗೆ ಒಂದು ಕಾರಣ ಸಾಕು, ಔಷಧಿಗೆ ನಾಲ್ಕು ಕಾರಣ ಬೇಕು. ಕೈಯಿಂದ ಕೈಗೆ ದರ ಹೀಗೆ ಜಿಗಿಯುವ ತಡವಾಗಿ ಬಲಿಯುವ ಪಾತ್ರಗಳು ಈ ನಿಯಮಕ್ಕೆ ಪದೇ ಪದೇ ಸಿಕ್ಕಿಬೀಳುವುದು ಸಹಜ.

ಇದರ ಜೊತೆಗೆ ಅಂಕಿಅಂಶಗಳ ಜಾಲತಾಣಗಳಲ್ಲಿ ಕಾಣುವ ಒಂದು ನಕ್ಷೆಯ ಬಗ್ಗೆ ಎಚ್ಚರಿಕೆ ಬೇಕು. ಪಂದ್ಯದ ನಿಮಿಷಗಳಿಗೆ ಎದುರಾಗಿ ಗೆಲುವಿನ ದರ ತೋರಿಸುವ ಆ ನಕ್ಷೆಯಲ್ಲಿ ಇಂಥ ಪಾತ್ರಗಳ ಗೆರೆ ಕೊನೆಗೆ ಆಕಾಶಕ್ಕೇರುತ್ತದೆ. ಅದನ್ನು ತೋರಿಸಿ ‘ಕಾದರೆ ಗೆಲುವು ಖಂಡಿತ’ ಎನ್ನುವವರಿದ್ದಾರೆ. ಆದರೆ ಆ ಕೊನೆಯ ನಿಮಿಷಗಳ ತನಕ ಉಳಿದದ್ದು ಯಾವ ಪಂದ್ಯಗಳು? ಆರಂಭದ ಹೊಡೆತಕ್ಕೆ ಸತ್ತವೆಲ್ಲ ಎಡಬದಿಯಲ್ಲೇ ಸೋಲೆಂದು ದಾಖಲಾಗಿ ಹೊರಬಿದ್ದಿವೆ. ಬಲಬದಿಗೆ ತಲುಪಿದ್ದರಲ್ಲಿ ಪಾತ್ರದ ಆರಂಭ ಅಷ್ಟೇನೂ ಕೆಡದೆ ಹೋದವೇ ಹೆಚ್ಚು. ಬದುಕುಳಿದವರನ್ನು ಮಾತ್ರ ಎಣಿಸಿ ಬರೆದ ಗೆರೆ ಅದು, ಕಾಯುವುದರ ಬೆಲೆ ಅದರಲ್ಲಿ ಕಾಣುವುದಿಲ್ಲ.

ಇರಬೇಕೆನ್ನುವವರು, ಬೇಡವೆನ್ನುವವರು

ಇರಬೇಕೆನ್ನುವವರ ವಾದದ ತಿರುಳು ಗಡಿಯಾರ. ಒಂದು ತಂಡಕ್ಕೆ ಸಮಯ ಮಿತ್ರ, ಇನ್ನೊಂದಕ್ಕೆ ಶತ್ರು ಎನ್ನುವಂತಾದಾಗ ಪ್ರತಿ ನಿಮಿಷಕ್ಕೂ ಅರ್ಥ ಬರುತ್ತದೆ. ಎಲ್ಲ ಪಾತ್ರಗಳೂ ಒಂದೇ ಗತಿಯಲ್ಲಿ ಬೆಳೆದರೆ ಹತ್ತನೇ ನಿಮಿಷಕ್ಕೂ ಮೂವತ್ತನೇ ನಿಮಿಷಕ್ಕೂ ಏನು ವ್ಯತ್ಯಾಸ? ಹಿಂದೆ ಬಿದ್ದ ತಂಡ ಆಟ ಬಿಡದೆ ಕೂರಲು ಒಂದು ಕಾರಣವೂ ಈ ಪಾತ್ರಗಳೇ ಎನ್ನುತ್ತಾರೆ.

ವಿರೋಧಿಗಳು ಕೇಳುವುದು ಅನುಭವದ ಪ್ರಶ್ನೆ. ಮೊದಲ ಹದಿನೈದು ನಿಮಿಷ ಒಬ್ಬ ಏನೂ ಮಾಡಲಾರ, ಕೊನೆಯ ಹತ್ತು ನಿಮಿಷ ಅವನೆದುರು ಬೇರೆಯವರು ಏನೂ ಮಾಡಲಾರರು. ಹಾಗಾದರೆ ಇಬ್ಬರೂ ಪರಸ್ಪರ ಆಡಿದ್ದು ಯಾವಾಗ? ಜೊತೆಗೆ ಅಪರಿಚಿತರ ತಂಡದಲ್ಲಿ ನಂಬಿಕೆ ತೆಳ್ಳಗಿರುತ್ತದೆ. ಕ್ಯಾರಿ ಬಲಿಯುವ ಮೊದಲೇ ಯಾರೋ ಶರಣಾಗೋಣವೆಂದು ಮತ ಹಾಕುತ್ತಾರೆ. ಕಾಯುವ ಕರಾರಿಗೆ ಐವರ ಸಹಿ ಬೇಕು, ಒಬ್ಬನೋ ಇಬ್ಬರೋ ಕೈಕೊಟ್ಟರೆ ಕರಾರು ಹರಿದಂತೆ. ವೃತ್ತಿಪರ ತಂಡಗಳಲ್ಲಿ ಆ ಸಹಿ ಮೊದಲೇ ಬಿದ್ದಿರುತ್ತದೆ. ಎರಡು ಲೋಕಗಳ ಅಂತರಕ್ಕೆ ಬೆರಳುಗಳ ಚುರುಕಿಗಿಂತ ಈ ಒಪ್ಪಂದವೇ ದೊಡ್ಡ ಕಾರಣವಿರಬಹುದು.

ಎರಡೂ ಕಡೆ ನ್ಯಾಯವಿದೆ, ಆದರೆ ಸಮವಾಗಿಲ್ಲ. ದುರ್ಬಲ ಆರಂಭವೇ ತಪ್ಪು ಎಂಬ ವಾದ ನಿಲ್ಲುವುದಿಲ್ಲ, ಆ ದೌರ್ಬಲ್ಯದಿಂದಲೇ ಎದುರಾಳಿಗೆ ಅವಕಾಶ ಸಿಗುತ್ತದೆ. ನಿಜವಾದ ದೋಷ ಇರುವುದು ಕೊನೆಯ ತುದಿಯಲ್ಲಿ. ಬಲಿತ ಮೇಲೂ ಎದುರಾಳಿಗೆ ಒಂದು ಉತ್ತರ ಉಳಿದಿರಬೇಕು. ಅದಿಲ್ಲದೆ ಹೋದರೆ ಕಟ್ಟಿದ ಮುಂಗಡಕ್ಕಿಂತ ಹೆಚ್ಚು ವಸೂಲಿ ಮಾಡಿದಂತಾಯಿತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಇದಕ್ಕೆ ಇನ್ನೊಂದು ತುದಿಯಿಂದ ಮದ್ದು ಹುಡುಕಿತು: 2014ರ ಐದನೇ ಆವೃತ್ತಿಯಲ್ಲಿ ಮಾಂತ್ರಿಕನಿಗೆ ಆರು ಮುಖದ ದಾಳವನ್ನೂ ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದಾದ ಕಿರು ಮಂತ್ರಗಳನ್ನೂ ಕೊಟ್ಟು ಆರಂಭದ ಬಡತನವನ್ನು ನೀಗಿಸಿತು. ಕೊನೆಯ ಸಿರಿವಂತಿಕೆ ಮಾತ್ರ ಬಹುಪಾಲು ಉಳಿಯಿತು. ಬೆಲೆ ಇಳಿಸಿ ಸರಕನ್ನು ಹಾಗೇ ಇಟ್ಟರೆ ಜಗಳ ಮುಗಿಯುವುದಿಲ್ಲವೆಂಬುದು ಆ ಆಟ ಆಡುವವರ ನಡುವೆ ಇವತ್ತಿಗೂ ನಡೆದಿರುವ ಚರ್ಚೆಯಿಂದ ಗೊತ್ತಾಗುತ್ತದೆ.

ಪಂದ್ಯ ಗಿಡ್ಡವಾದಂತೆ

ಈ ಎಲ್ಲ ಚರ್ಚೆಯ ಅಡಿಯಲ್ಲಿ ನೆಲವೇ ಸರಿಯುತ್ತಿದೆ. ಡೋಟಾ 2 ತನ್ನ ಅವಸರದ ಟರ್ಬೊ ಮಾದರಿಯನ್ನು 2017ರಲ್ಲೇ ತಂದಿತು. ಲೀಗ್ ಆಫ್ ಲೆಜೆಂಡ್ಸ್ 2025ರ ಋತುವಿನ ಆರಂಭದಲ್ಲಿ ಸ್ವಿಫ್ಟ್‌ಪ್ಲೇ ಎಂಬ ಅಂಥದೇ ಮಾದರಿಯನ್ನು ತಂದಿತು. ಮೊಬೈಲ್‌ನಲ್ಲಿ ಆಡುವ ಇದೇ ಜಾತಿಯ ಗೇಮ್‌ಗಳು ಹುಟ್ಟಿನಿಂದಲೇ ಚುಟುಕು. ಪಂದ್ಯದ ಉದ್ದವೇ ಈ ಪಾತ್ರಗಳ ಬಲವಾಗಿರುವಾಗ ಉದ್ದವನ್ನು ಕತ್ತರಿಸಿದರೆ ಏನಾದೀತು?

ಮೇಲ್ನೋಟಕ್ಕೆ ಇವು ಸಾಯಬೇಕು. ಆದರೆ ಅವಸರದ ಮಾದರಿಗಳಲ್ಲಿ ಗೋಲ್ಡ್ ಮತ್ತು ಅನುಭವ ಎರಡೂ ಬೇಗ ಸಿಗುವುದರಿಂದ ಗೆರೆಯೂ ಮುದುಡಿಕೊಳ್ಳುತ್ತದೆ, ಲೆವೆಲ್ ನೆಚ್ಚಿಕೊಂಡ ಪಾತ್ರ ಬೇಗನೇ ಬಲಿಯುತ್ತದೆ. ಲೀಗ್‌ನ ಕೇಲ್ 16ನೇ ಲೆವೆಲ್‌ನಲ್ಲಿ ಪೂರ್ಣರೂಪ ತಾಳುತ್ತಾಳೆ, ಅನುಭವ ಬೇಗ ಸಿಕ್ಕಷ್ಟೂ ಆ ಗಳಿಗೆ ಹತ್ತಿರ ಬರುತ್ತದೆ. ಸ್ಮೋಲ್ಡರ್ ಅಥವಾ ನಾಸಸ್ ಕಥೆ ಬೇರೆ. ಇವು ನೆಚ್ಚಿಕೊಂಡದ್ದು ಸ್ಟ್ಯಾಕ್‌ಗಳನ್ನು, ಅಂದರೆ ಕೌಶಲವೊಂದನ್ನು ಸರಿಯಾಗಿ ಬಳಸಿದಾಗಲೆಲ್ಲ ಸೇರುತ್ತ ಹೋಗುವ ಎಣಿಕೆಯನ್ನು. ನಿಮಿಷಕ್ಕೆ 10 ಸ್ಟ್ಯಾಕ್ ಸೇರಿಸುವವನಿಗೆ ಸ್ಮೋಲ್ಡರ್‌ನ ಕೊನೆಯ ಹಂತವಾದ 225 ಮುಟ್ಟಲು ಇಪ್ಪತ್ತೆರಡೂವರೆ ನಿಮಿಷ ಬೇಕು, 8 ಸೇರಿಸುವವನಿಗೆ 28 ನಿಮಿಷ. ಗೋಲ್ಡ್ ಎಷ್ಟೇ ಸುರಿದರೂ ಈ ಎಣಿಕೆ ತಾನಾಗಿ ಓಡುವುದಿಲ್ಲ. ಒಂದೇ ಕುಲದ ಎರಡು ಪಾತ್ರಗಳು ಹೊಸ ಮಾದರಿಯಲ್ಲಿ ಎದುರುಬದುರು ದಿಕ್ಕಿಗೆ ಹೋಗಬಹುದು, ಸ್ಟ್ಯಾಕ್ ನೆಚ್ಚಿದವಕ್ಕೆ ಪ್ರತ್ಯೇಕ ತಿದ್ದುಪಡಿ ಬೇಕಾಗುತ್ತದೆ. ಮಾದರಿಗೊಂದು ಅಂಕಿ ಎಂದಾದ ಮೇಲೆ ಪ್ಯಾಚ್ ಟಿಪ್ಪಣಿ ಇನ್ನಷ್ಟು ಉದ್ದವಾಗುತ್ತದೆ, ಗೊಂದಲವೂ ಅದರ ಹಿಂದೆಯೇ.

ಒಬ್ಬರೇ ಆಡುವ ಗೇಮ್‌ಗಳಲ್ಲಿ ಬದಲಾವಣೆ ಸದ್ದಿಲ್ಲದೆ ಆಯಿತು. ಪೋಕೆಮಾನ್‌ನಲ್ಲಿ 2013ರ ಎಕ್ಸ್ ಮತ್ತು ವೈ ಆವೃತ್ತಿಗಳಿಂದ ಎಕ್ಸ್‌ಪಿ ಶೇರ್ ಎಂಬ ಸಾಧನ ತಂಡದಲ್ಲಿ ಕಾಳಗಕ್ಕಿಳಿಯದ ಎಲ್ಲರಿಗೂ ಅನುಭವ ಹಂಚತೊಡಗಿತು, ಬೇಡವಾದರೆ ಬಂದ್ ಮಾಡಬಹುದಿತ್ತು. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಬಂದ್ ಮಾಡುವ ಗುಂಡಿಯೇ ಹೋಯಿತು. ಮ್ಯಾಜಿಕಾರ್ಪ್ ಈಗ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತೇ 20ನೇ ಲೆವೆಲ್ ಮುಟ್ಟುತ್ತದೆ. ಹಳಬರ ಅಸಮಾಧಾನವನ್ನು ಬರೀ ಹಳೆಯ ಕಾಲದ ಹಂಬಲ ಎಂದು ತಳ್ಳಿಹಾಕಲಾಗದು, ಯಾಕೆಂದರೆ ಮುಂಗಡ ಮನ್ನಾ ಆದ ಮೇಲೆ ಗ್ಯಾರಡೋಸ್ ಮಿಕ್ಕ ಹತ್ತಾರು ಬಲಿಷ್ಠ ಜೀವಿಗಳಲ್ಲಿ ಒಂದಾಯಿತು. ಸಮಯವಿಲ್ಲದವರಿಗೆ ಇದು ಉಪಕಾರ ಎಂಬುದೂ ನಿಜ. ಅಲ್ಲಿಂದ ಎದ್ದುಹೋದ ಸುಖ ವ್ಯಾಂಪೈರ್ ಸರ್ವೈವರ್ಸ್ ಬಗೆಯ ಗೇಮ್‌ಗಳಲ್ಲಿ ಮನೆ ಮಾಡಿದಂತಿದೆ. 2022ರಲ್ಲಿ ಪೂರ್ಣರೂಪದಲ್ಲಿ ಬಂದ ಆ ಗೇಮ್‌ನಲ್ಲಿ ಬೆಳವಣಿಗೆ ಬಿಟ್ಟರೆ ಬೇರೆ ಆಟವೇ ಇಲ್ಲ. ಮೊದಲ ನಿಮಿಷ ಒಂದು ಚಾವಟಿ, ಅರ್ಧ ಗಂಟೆಯ ಕೊನೆಗೆ ಪರದೆ ತುಂಬ ಬೆಂಕಿ. ಕಾಯುವ ಅವಧಿ ಅರ್ಧ ಗಂಟೆಗೆ ಇಳಿದಿದೆ, ಬೇರೆ ಯಾರ ಪಾಲನ್ನೂ ಕಿತ್ತುಕೊಳ್ಳಬೇಕಿಲ್ಲ.

ಜಿಗಿತದ ಬದಲು ಮೆಟ್ಟಿಲು

ತಂಡದ ಗೇಮ್‌ಗಳಿಗೆ ಅಂಥ ಸುಲಭದ ದಾರಿ ಇಲ್ಲ. ಹಾಗಾಗಿ ವಿನ್ಯಾಸಕರು ಒಂದೇ ಜಿಗಿತವನ್ನು ಒಡೆದು ಮೆಟ್ಟಿಲು ಮಾಡುತ್ತಿದ್ದಾರೆ. 2019ರಲ್ಲಿ ಹೊಸದಾಗಿ ರೂಪಿಸಿದ ಕೇಲ್ 6ನೇ ಲೆವೆಲ್‌ನಲ್ಲಿ ದೂರದಿಂದ ಹೊಡೆಯಲು ಕಲಿಯುತ್ತಾಳೆ, 11ರಲ್ಲಿ ಬೆಂಕಿಯ ಅಲೆ ಸೇರುತ್ತದೆ, 16ಕ್ಕೆ ಪೂರ್ಣರೂಪ. ಸ್ಮೋಲ್ಡರ್‌ಗೆ 25 ಸ್ಟ್ಯಾಕ್‌ಗೆ ಒಂದು, 125ಕ್ಕೆ ಇನ್ನೊಂದು, 225ಕ್ಕೆ ಎದುರಾಳಿಯನ್ನು ಸುಟ್ಟು ಮುಗಿಸುವ ಕೊನೆಯ ವರ. ಕಾಯುವವನಿಗೆ ನಡುನಡುವೆ ಏನಾದರೂ ಕೈಗೆ ಸಿಗುತ್ತದೆ, ಜೊತೆಗಾರರ ತಾಳ್ಮೆಯೂ ಸ್ವಲ್ಪ ಹೆಚ್ಚು ಹೊತ್ತು ಬಾಳುತ್ತದೆ.

ಮೆಟ್ಟಿಲುಗಳಿಂದ ಕಂಪನಿಗೂ ಒಂದು ಅನುಕೂಲ ಇದೆ. ಕೊನೆಯ ಮೆಟ್ಟಿಲನ್ನು ವೃತ್ತಿಪರರು ಹೆಚ್ಚು ಸಲ ಹತ್ತುತ್ತಾರೆ, ಸಾಮಾನ್ಯರ ಪಂದ್ಯ ಎಷ್ಟೋ ಸಲ ಅದಕ್ಕೆ ಮೊದಲೇ ಮುಗಿದಿರುತ್ತದೆ. ಕೊನೆಯದನ್ನು ತಗ್ಗಿಸಿ ನಡುವಿನದನ್ನು ಒಂಚೂರು ಎತ್ತರಿಸಿದರೆ ಏಟಿನ ದೊಡ್ಡ ಪಾಲು ಗುರಿಯಾದ ವೃತ್ತಿಪರರ ಮೇಲೇ ಬೀಳುತ್ತದೆ, ಮನೆಯಲ್ಲಿ ಆಡುವವನಿಗೆ ಒಂದಿಷ್ಟು ಪರಿಹಾರವೂ ಸಿಗುತ್ತದೆ. ಮುಂದಿನ ಪ್ಯಾಚ್‌ಗಳಲ್ಲಿ ಇಂಥ ಜೋಡಿ ತಿದ್ದುಪಡಿಗಳು ಹೆಚ್ಚಾಗುವ ಸಂಭವವಿದೆ. ಪ್ರತಿ ಸಲ ಹಾಗೆ ಮಾಡುತ್ತ ಹೋದರೆ ಕೊನೆಯ ಮೆಟ್ಟಿಲು ಉಳಿದವುಗಳ ಮಟ್ಟಕ್ಕೇ ಇಳಿಯುವ ಅಪಾಯವೂ ಇದೆ. ಆಗ 225 ಸ್ಟ್ಯಾಕ್ ಸೇರಿಸುವ ತನಕ ಕಾಯಿರಿ ಎಂದು ಜೊತೆಗಾರರನ್ನು ಒಪ್ಪಿಸಲು ಸ್ಮೋಲ್ಡರ್ ಆಡುವವನ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ.